ಊರ ಗ್ರೂಪಿನ ಬೀಗದ ಕೈ ಯಾರ ಬಳಿ?

2025ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಶಿಕ್ಷಣ ಸಚಿವ ಧರ್ಮೇಂದ್ರ ಪ್ರಧಾನ್ ‘ಅರಟ್ಟೈ’ ಎಂಬ ಸ್ವದೇಶಿ ಆ್ಯಪ್ ಬಳಸಿ ಎಂದು ಕರೆ ಕೊಟ್ಟರು. ಅರಟ್ಟೈ ಎಂದರೆ ತಮಿಳಿನಲ್ಲಿ ಹರಟೆ. ದಿನಕ್ಕೆ 3,000ದಷ್ಟಿದ್ದ ಹೊಸ ನೋಂದಣಿ ಮೂರೇ ದಿನಗಳಲ್ಲಿ 3.5 ಲಕ್ಷಕ್ಕೆ ಏರಿತೆಂದು ಅದನ್ನು ನಡೆಸುವ ಜೋಹೊ ಸಂಸ್ಥೆಯ ಶ್ರೀಧರ್ ವೆಂಬು ಹೇಳಿದರು. ವಾಟ್ಸಾಪ್ ಬಿಡಿ ಎಂಬ ಆ ಕರೆ ಊರೂರಿಗೆ ತಲುಪಿದ್ದೂ ವಾಟ್ಸಾಪಿನ ಮೂಲಕವೇ ಎಂಬುದು ಬೇರೆ ಮಾತು.

ಎರಡು ತಿಂಗಳ ಬಳಿಕ, ನವೆಂಬರ್ 28ರಂದು, ದೂರಸಂಪರ್ಕ ಇಲಾಖೆಯಿಂದ ಇನ್ನೊಂದು ಸುದ್ದಿ ಬಂತು. ಯಾವ ನಂಬರಿನಿಂದ ಖಾತೆ ತೆರೆದಿದ್ದೀರೋ ಆ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ಮೆಸೇಜಿಂಗ್ ಆ್ಯಪ್ ಕೆಲಸ ಮಾಡಕೂಡದು. ಕಂಪ್ಯೂಟರಿನಲ್ಲಿ ತೆರೆದಿಟ್ಟ ವೆಬ್ ಖಾತೆ ಹೆಚ್ಚೆಂದರೆ 6 ಗಂಟೆಗೊಮ್ಮೆ ತಾನಾಗಿ ಲಾಗ್ ಔಟ್ ಆಗಬೇಕು. ಇದನ್ನು 90 ದಿನಗಳಲ್ಲಿ ಜಾರಿ ಮಾಡಿ ಎಂದು ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್, ಅರಟ್ಟೈ ಮುಂತಾದವಕ್ಕೆ ಆದೇಶ ಹೋಯಿತು. ಆನ್‌ಲೈನ್ ವಂಚನೆಗೆ ಕಡಿವಾಣ ಹಾಕುವುದು ಇದರ ಉದ್ದೇಶ. ಆದರೆ ಕರಾವಳಿಯವರಿಗೆ ಇದು ಬೇರೆಯದೇ ಜಾಗದಲ್ಲಿ ಚುಚ್ಚುತ್ತದೆ. ದುಬೈ, ದಮ್ಮಾಮ್, ದೋಹಾಗಳಲ್ಲಿ ಕೂತು ಊರಿನ ನಂಬರಿನಲ್ಲೇ ವಾಟ್ಸಾಪ್ ನಡೆಸುವ ಮಂಗಳೂರು–ಉಡುಪಿಯವರು ಕಡಿಮೆಯೇನಿಲ್ಲ. ಊರಿನ ಸಿಮ್ ಮನೆಯ ಕಪಾಟಿನಲ್ಲಿ ಮಲಗಿರುತ್ತದೆ, ಆ ನಂಬರಿನ ಖಾತೆ ಗಲ್ಫಿನ ಫೋನಿನಲ್ಲಿ ಎಚ್ಚರವಿರುತ್ತದೆ.

ಎರಡೂ ಸುದ್ದಿ ಬೆನ್ನುಬೆನ್ನಿಗೆ ಬಂದಾಗ ಜನರ ಗೊಂದಲ ಸಹಜ. ಸ್ವದೇಶಿ ಆ್ಯಪಿಗೆ ಹೋದರೆ ಸಿಮ್ ರಗಳೆ ತಪ್ಪುತ್ತದೆಯೇ? ತಪ್ಪುವುದಿಲ್ಲ, ಅರಟ್ಟೈ ಕೂಡ ಆ ಪಟ್ಟಿಯಲ್ಲಿದೆ. ‘ಓಪನ್ ಸೋರ್ಸ್’ ಎಂದು ಕೆಲವರು ಹೇಳುತ್ತಾರಲ್ಲ, ಅದೂ ಸ್ವದೇಶಿಯೂ ಒಂದೆಯೇ? ಅಲ್ಲ. ಹಾಗಾದರೆ ನಮ್ಮ ಊರಿನ ಗ್ರೂಪುಗಳು ಎಲ್ಲಿರಬೇಕು? ಇದಕ್ಕೆ ಒಂದೇ ಸಾಲಿನ ಉತ್ತರವಿಲ್ಲ. ಆ್ಯಪಿನ ಹುಟ್ಟೂರು ಯಾವುದೆಂದು ಕೇಳುವ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಬೇಡವೆನಿಸಿದ ದಿನ ಅದು ಗಂಟುಮೂಟೆ ಸಮೇತ ಹೊರಡಲು ಬಿಡುತ್ತದೆಯೇ? ಇದ್ದಷ್ಟು ದಿನ ಅದರ ಖರ್ಚು ಯಾರ ಕಿಸೆಯಿಂದ?

ಸ್ವದೇಶಿ, ಉಚಿತ, ಮುಕ್ತ

ಈ ಮೂರು ಶಬ್ದಗಳು ಸೇರಿ ಕಲಸುಮೇಲೋಗರ ಆಗಿವೆ. ಸ್ವದೇಶಿ ಎಂಬುದು ಒಡೆಯ ಎಲ್ಲಿಯವನು ಎಂದು ತಿಳಿಸುತ್ತದೆ. ಉಚಿತ ಎಂಬುದು ದುಡ್ಡಿನ ಮಾತು. ಮುಕ್ತ, ಅಂದರೆ ಓಪನ್ ಸೋರ್ಸ್, ಎಂಬುದು ಹಕ್ಕಿನ ಮಾತು. ತಂತ್ರಾಂಶದ ಮೂಲ ಕೋಡನ್ನು ಯಾರೂ ಓದಬಹುದು, ತಿದ್ದಬಹುದು, ತಮ್ಮ ಸರ್ವರಿನಲ್ಲಿ, ಅಂದರೆ ಸೇವೆ ಒದಗಿಸುವ ಕಂಪ್ಯೂಟರಿನಲ್ಲಿ, ನಡೆಸಬಹುದು, ಇತರರಿಗೆ ಹಂಚಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಲೈಸೆನ್ಸಿನ ಷರತ್ತು ಪಾಲಿಸಿದರಾಯಿತು.

ಈಗ ಒಂದೊಂದನ್ನೇ ಒರೆಗೆ ಹಚ್ಚೋಣ. ಅರಟ್ಟೈ ಸ್ವದೇಶಿ, ಉಚಿತ, ಆದರೆ ಮುಕ್ತವಲ್ಲ. ಜನ ಮುಗಿಬಿದ್ದ ಆ ದಿನಗಳಲ್ಲಿ ಅದರ ಕರೆಗಳಿಗೆ ಆ ಇಬ್ಬರ ಹೊರತು ನಡುವೆ ಯಾರಿಗೂ, ಕಂಪನಿಗೂ, ತಿಳಿಯದಂಥ ಪೂರ್ಣ ಗೂಢಲಿಪಿಯ ರಕ್ಷಣೆ ಇತ್ತು, ಬರೆದು ಕಳಿಸುವ ಸಂದೇಶಗಳಿಗೆ ಇರಲಿಲ್ಲ. ಸಿಗ್ನಲ್ ಅಮೆರಿಕದ ಲಾಭರಹಿತ ಸಂಸ್ಥೆಯದು, ಉಚಿತ ಮತ್ತು ಮುಕ್ತ. ಆದರೆ ಬೇರೆಯವರ ಸರ್ವರಿನೊಂದಿಗೆ ಅದು ಮಾತಾಡುವುದಿಲ್ಲ. ವಾಟ್ಸಾಪ್ ವಿದೇಶಿ, ಮುಕ್ತವೂ ಅಲ್ಲ. ತಮಾಷೆಯೆಂದರೆ 2016ರಿಂದ ಅದರ ಎಲ್ಲ ಸಂದೇಶಗಳಿಗೆ ಬೀಗ ಹಾಕುತ್ತಿರುವುದು ಸಿಗ್ನಲ್‌ನವರು ರೂಪಿಸಿ ಬಹಿರಂಗವಾಗಿ ಪ್ರಕಟಿಸಿದ ವಿಧಾನವೇ. ಮುಚ್ಚಿದ ಮನೆ, ಬೀಗ ಮಾತ್ರ ಸಾರ್ವಜನಿಕರದು!

ಮುಕ್ತ ಎನ್ನುವುದು ಕರಾವಳಿಗೆ ಹೊರಗಿನಿಂದ ಬಂದ ವಿಚಾರವೇನೂ ಅಲ್ಲ. ಕನ್ನಡ ಟೈಪ್ ಮಾಡುವ ಲಕ್ಷಾಂತರ ಬೆರಳುಗಳ ಕೆಳಗಿರುವ ಕೀಲಿಮಣೆ ವಿನ್ಯಾಸ ಮಂಗಳೂರಿನ ಹೊರವಲಯದ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಅವರದು. ರಾಜ್ಯ ಸರಕಾರ ಮಾನ್ಯ ಮಾಡಿದ ವಿನ್ಯಾಸಕ್ಕೂ ಅದೇ ಆಧಾರ. ಅದಕ್ಕೆ ಅವರು ಹಕ್ಕುಸ್ವಾಮ್ಯದ ಬೇಲಿ ಹಾಕಲಿಲ್ಲ. ಹಾಕಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಸಲೀಸಾಗಿ ಹರಡುತ್ತಿತ್ತೇ ಎಂಬುದು ಸಂಶಯ.

ಕೂ ಕೂಗು ನಿಲ್ಲಿಸಿದಾಗ

ಸ್ವದೇಶಿ ಎಂಬುದೊಂದೇ ಸಾಲದು ಎನ್ನಲು ಕನ್ನಡಿಗರಿಗೆ ಕೈಯಳತೆಯಲ್ಲೇ ಸಾಕ್ಷ್ಯವಿದೆ. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಟ್ವಿಟರ್ ಮಾದರಿಯ ‘ಕೂ’ ಮೊದಲು ಮಾತಾಡಿದ್ದೇ ಕನ್ನಡದಲ್ಲಿ. ಅದೇ ವರ್ಷ ಕೇಂದ್ರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು. ಮಂತ್ರಿಗಳು, ಕ್ರಿಕೆಟಿಗರು, ಸಿನಿಮಾದವರು ಬಂದರು. ಅವರ ಹಿಂದೆ ಕವನ, ಚುಟುಕ, ಊರ ಸುದ್ದಿ ಬರೆಯುವ ಸಾಮಾನ್ಯರೂ ಬಂದರು. ಕೊಳ್ಳುವ ಕಂಪನಿಗಳೊಂದಿಗಿನ ಮಾತುಕತೆ ಮುರಿದುಬಿದ್ದು 2024ರ ಜುಲೈಯಲ್ಲಿ ಕೂ ಬಾಗಿಲು ಮುಚ್ಚಿತು.

ಅದು ಮುಚ್ಚಿದ್ದು ಅಪರಾಧವೇನಲ್ಲ. ಬಂಡವಾಳ ಕರಗಿದರೆ ಕಂಪನಿ ಮುಚ್ಚಲೇಬೇಕು. ಮುಚ್ಚಿದಾಗ ಏನು ಉಳಿಯಿತು ಎಂಬುದನ್ನು ನೋಡಬೇಕು. ಕೋಡ್ ಕಂಪನಿಯದು, ಸರ್ವರ್ ಕಂಪನಿಯದು, ಯಾರು ಯಾರನ್ನು ಹಿಂಬಾಲಿಸುತ್ತಿದ್ದರು ಎಂಬ ನಂಟಿನ ಜಾಲವೂ ಕಂಪನಿಯದು. ಕನ್ನಡದಲ್ಲಿ ಬರೆದ ನೂರು ಜನ ಕೂಡಿ, ‘ನಾವೇ ಚಂದಾ ಎತ್ತಿ ಇದನ್ನು ಮುಂದುವರಿಸುತ್ತೇವೆ’ ಎಂದು ಹೊರಟಿದ್ದರೂ ಅವರ ಕೈಗೆ ಸಿಗುವಂಥದ್ದು ಏನೂ ಇರಲಿಲ್ಲ.

ಇದರ ಪಕ್ಕದಲ್ಲಿ 2002ರ ಒಂದು ಜಗಳವನ್ನು ಇಟ್ಟು ನೋಡಿ. ವಿಕಿಪೀಡಿಯ ಆಗ ಒಂದು ಖಾಸಗಿ ಕಂಪನಿಯ ಆಸರೆಯಲ್ಲಿತ್ತು. ಜಾಹೀರಾತು ಹಾಕಬಹುದೆಂಬ ಮಾತು ಕೇಳಿಬಂದದ್ದೇ ತಡ, ಸ್ಪ್ಯಾನಿಷ್ ಆವೃತ್ತಿಯ ಬರಹಗಾರರಲ್ಲಿ ಬಹಳಷ್ಟು ಮಂದಿ ಲೇಖನಗಳನ್ನೆಲ್ಲ ನಕಲು ಮಾಡಿಕೊಂಡು ಬೇರೆ ಮನೆ ಹೂಡಿದರು. ಲೈಸೆನ್ಸ್ ಅದಕ್ಕೆ ಅವಕಾಶ ಕೊಟ್ಟಿತ್ತು. ಸ್ಪ್ಯಾನಿಷ್ ವಿಕಿಪೀಡಿಯ ಚೇತರಿಸಿಕೊಳ್ಳಲು ಸಾಕಷ್ಟು ಕಾಲ ಹಿಡಿಯಿತು. ಅದೇ ವರ್ಷ ವಿಕಿಪೀಡಿಯ ಡಾಟ್ ಕಾಮ್ ವಿಳಾಸ ಬಿಟ್ಟು ಡಾಟ್ ಆರ್ಗ್ ಆಯಿತು, ಜಾಹೀರಾತು ಬರಲೇ ಇಲ್ಲ. ಬಿಟ್ಟುಹೋಗುವ ಹಕ್ಕನ್ನು ಎಲ್ಲರೂ ಚಲಾಯಿಸಬೇಕಾಗಿಲ್ಲ. ಅದು ಇದೆ ಎಂದು ಗೊತ್ತಿದ್ದರೆ ಸಾಕು, ಒಡೆಯ ಮೆತ್ತಗಾಗುತ್ತಾನೆ. ಗೇಣಿದಾರನಿಗೂ ಧಣಿಗೂ ನಡುವಿನ ಹಳೆಯ ಲೆಕ್ಕ ಬಲ್ಲ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಎಂಕ್’ ಎಂದು ಬರೆಯುವುದೋ, ‘ಎಂಕು’ ಎಂದೋ

ಊರವರು ಕೂಡಿ ಕಟ್ಟಿದ ತಂತ್ರಾಂಶ ಹೇಗಿರುತ್ತದೆ ಎಂದು ನೋಡಲು ಬಾರ್ಸಿಲೋನಾಕ್ಕೋ ತೈವಾನಿಗೋ ಹೋಗಬೇಕಿಲ್ಲ, ಅಲ್ಲಿ ಒಳ್ಳೆಯ ಉದಾಹರಣೆಗಳಿವೆ ಎಂಬುದು ನಿಜವಾದರೂ. ತುಳು ವಿಕಿಪೀಡಿಯವನ್ನೇ ತೆರೆಯಿರಿ. 2008ರಲ್ಲಿ ಪರೀಕ್ಷಾ ಆವೃತ್ತಿಯಾಗಿ ಶುರುವಾದ ಅದು ಪೂರ್ಣ ಪ್ರಮಾಣದ ವಿಕಿಪೀಡಿಯ ಆದದ್ದು 2016ರ ಆಗಸ್ಟಿನಲ್ಲಿ. ನಡುವಿನ 8 ವರ್ಷ ಅದನ್ನು ಜೀವಂತ ಇಟ್ಟವರು ಸಂಬಳವಿಲ್ಲದ ಸಂಪಾದಕರು. ಅಧ್ಯಾಪಕರು, ವಿದ್ಯಾರ್ಥಿಗಳು, ಗೃಹಿಣಿಯರು, ನಿವೃತ್ತರು ಅದರಲ್ಲಿದ್ದರು.

ಅಲ್ಲಿ ಮೊದಲ ದಿನದಿಂದಲೂ ಇರುವ ತೊಡಕೊಂದನ್ನು ಹತ್ತಿರದಿಂದ ನೋಡೋಣ. ತುಳುವಿನಲ್ಲಿ ‘ನನಗೆ’ ಎನ್ನುವ ಶಬ್ದದ ಕೊನೆಯಲ್ಲಿ ಒಂದು ಅರೆ ಉಕಾರ ಇದೆ. ಅದು ಪೂರ್ತಿ ‘ಉ’ ಅಲ್ಲ, ಬರೀ ವ್ಯಂಜನವೂ ಅಲ್ಲ. ಕನ್ನಡ ಲಿಪಿಯಲ್ಲಿ ಅದಕ್ಕೆ ಪ್ರತ್ಯೇಕ ಗುರುತಿಲ್ಲ. ‘ಎಂಕ್’ ಎಂದು ಬರೆದರೆ ಒಬ್ಬರಿಗೆ ಸರಿ, ‘ಎಂಕು’ ಎಂದರೆ ಇನ್ನೊಬ್ಬರಿಗೆ ಸರಿ. ಉಡುಪಿಯ ಕಡೆಯ ಶಬ್ದ ಸುಳ್ಯದ ಕಡೆಯವರಿಗೆ ಅಪರಿಚಿತ ಎನಿಸುವುದೂ ಉಂಟು. ಇಂಥದ್ದನ್ನು ಕಂಪನಿಯ ಆ್ಯಪಿನಲ್ಲಿ ಯಾರೋ ಒಬ್ಬ ಪ್ರಾಡಕ್ಟ್ ಮ್ಯಾನೇಜರ್ ತೀರ್ಮಾನಿಸಿಬಿಡುತ್ತಾನೆ, ಅಥವಾ ತುಳುವೇ ಬೇಡ ಎನ್ನುತ್ತಾನೆ. ವಿಕಿಯಲ್ಲಿ ಪ್ರತಿ ಪುಟಕ್ಕೂ ಒಂದು ಚರ್ಚೆಯ ಪುಟವಿದೆ, ಒಂದು ಇತಿಹಾಸದ ಪುಟವಿದೆ. ಯಾರು ಯಾವಾಗ ಯಾವ ಅಕ್ಷರ ತಿದ್ದಿದರು, ಇನ್ನೊಬ್ಬರು ಏಕೆ ಮರಳಿ ಹಾಕಿದರು ಎಂಬುದು ಅಳಿಯದೆ ಉಳಿಯುತ್ತದೆ. ಜಗಳ ನಡೆಯದಂತೆ ಈ ತಂತ್ರಾಂಶ ತಡೆಯುವುದಿಲ್ಲ, ದಾಖಲೆ ಸಮೇತ ನಡೆಯುವಂತೆ ಮಾಡುತ್ತದೆ. ಸಹಯೋಗದ ತಂತ್ರಾಂಶ ಎಂದರೆ ಮೂಲತಃ ಇದೇ.

ಕೊಂಕಣಿಯ ಕತೆ ಇನ್ನೂ ಜಟಿಲ. ಮಂಗಳೂರಿನವರಿಗೆ ಕನ್ನಡ ಲಿಪಿ, ಗೋವೆಯವರಿಗೆ ದೇವನಾಗರಿ, ಅಲ್ಲಿಯೇ ಇನ್ನೂ ಬಹಳ ಮಂದಿಗೆ ರೋಮನ್. 2015ರಲ್ಲಿ ಹೊರಬಂದ ಕೊಂಕಣಿ ವಿಕಿಪೀಡಿಯ ಮೂರನ್ನೂ ಒಂದೇ ಚಾವಡಿಯಲ್ಲಿ ಕೂರಿಸಿತು. ವೇದಿಕೆಗಳಲ್ಲಿ ಇತ್ಯರ್ಥವಾಗದ ಲಿಪಿಯ ತಂಟೆ ಇಲ್ಲೂ ಇತ್ಯರ್ಥವಾಗಿಲ್ಲ. ಆದರೆ ಅದಕ್ಕಾಗಿ ಕೆಲಸ ನಿಂತಿಲ್ಲ.

ಇನ್ನು ತುಳು ಬರೆದವರು ಎಲ್ಲರೂ ನಾಳೆ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಮೇಲೆ ಮುನಿಸಿಕೊಂಡರು ಎನ್ನಿ. ಎಲ್ಲ ಲೇಖನಗಳೂ ಇತಿಹಾಸ ಸಮೇತ ಡೌನ್‌ಲೋಡಿಗೆ ಲಭ್ಯ, ನಡೆಸುವ ತಂತ್ರಾಂಶವೂ ಮುಕ್ತ. ಮಂಗಳೂರಿನ ಯಾವುದೋ ಕಾಲೇಜಿನ ಸರ್ವರಿನಲ್ಲಿ ಅದನ್ನು ಮರಳಿ ನಿಲ್ಲಿಸಬಹುದು. ಕೂ ವಿಷಯದಲ್ಲಿ ಆಗದ್ದು ಇಲ್ಲಿ ಆಗುವುದು ಈ ಕಾರಣಕ್ಕೆ.

ಮೀನು ಮಾರ್ಕೆಟಿನ ಕ್ಯೂಆರ್ ಮತ್ತು ಸರ್ವರ್‌ಗಳ ಒಕ್ಕೂಟ

ವಿಶ್ವಕೋಶಕ್ಕೆ ಸರಿ, ದಿನದ ಮಾತುಕತೆಗೆ? ಇಲ್ಲಿ ಇನ್ನೊಂದು ತತ್ತ್ವ ಬರುತ್ತದೆ.

ಮೀನು ಮಾರ್ಕೆಟಿನಲ್ಲಿ ಬಂಗುಡೆ ಕೊಂಡು ಕ್ಯೂಆರ್ ಸ್ಕ್ಯಾನ್ ಮಾಡುವಾಗ ಮಾರುವಾಕೆಯ ಬಳಿ ಯಾವ ಆ್ಯಪ್ ಇದೆ ಎಂದು ಯಾರೂ ಕೇಳುವುದಿಲ್ಲ. ಯಾವ ಆ್ಯಪಿನಿಂದ ಯಾವ ಬ್ಯಾಂಕಿಗಾದರೂ ಹಣ ಹೋಗುತ್ತದೆ, ಏಕೆಂದರೆ ಯುಪಿಐ ಎಲ್ಲರಿಗೂ ಒಂದೇ ನಿಯಮ ಹಾಕಿದೆ. ಮೆಸೇಜಿಂಗಿನಲ್ಲಿ ಹಾಗಿಲ್ಲ. ವಾಟ್ಸಾಪಿನಿಂದ ಅರಟ್ಟೈಗೆ ‘ನಮಸ್ಕಾರ’ ಕಳಿಸಲಾಗದು. ಹಾಗಾಗಿ ಎಲ್ಲರೂ ಇರುವ ಕಡೆಗೇ ಎಲ್ಲರೂ ಹೋಗಬೇಕು, ಅಲ್ಲಿರುವವನೇ ಧಣಿ. ಮೆಸೇಜಿಂಗಿಗೂ ಯುಪಿಐ ಮಾದರಿಯ ಸಮಾನ ನಿಯಮ ಬೇಕೆಂದು ವೆಂಬು ಅವರೇ ಹೇಳಿದ್ದುಂಟು. ಯುರೋಪಿನಲ್ಲಿ ಇದನ್ನು ಕಾನೂನೇ ಮಾಡಿಸುತ್ತಿದೆ. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಕಾಯಿದೆಯ ಒತ್ತಡಕ್ಕೆ ಮಣಿದು ವಾಟ್ಸಾಪಿನ ಒಡೆಯ ಮೆಟಾ ಕಂಪನಿ 2025ರ ನವೆಂಬರಿನಲ್ಲಿ ಎರಡು ಸಣ್ಣ ಆ್ಯಪ್‌ಗಳಿಗೆ ವಾಟ್ಸಾಪಿನ ಬಾಗಿಲು ತೆರೆಯುವುದಾಗಿ ಪ್ರಕಟಿಸಿತು, ಅದೂ ಯುರೋಪಿನವರಿಗೆ ಮಾತ್ರ.

ಮುಕ್ತ ತಂತ್ರಾಂಶದವರು ಕಾನೂನಿಗೆ ಕಾಯದೆ ಈ ನಿಯಮವನ್ನು ತಾವೇ ಬರೆದುಕೊಂಡರು. ‘ಆಕ್ಟಿವಿಟಿಪಬ್’ ಎಂಬ ಹೆಸರಿನ ಆ ನಿಯಮ 2018ರ ಜನವರಿಯಲ್ಲಿ ವೆಬ್‌ನ ಅಧಿಕೃತ ಮಾನದಂಡವಾಯಿತು. ಅದರ ಮೇಲೆ ನಿಂತಿರುವುದರಲ್ಲಿ ಹೆಸರಾದದ್ದು ಟ್ವಿಟರ್ ಮಾದರಿಯ ಮ್ಯಾಸ್ಟೊಡಾನ್. ಇದು ಒಂದೇ ದೊಡ್ಡ ಮನೆ ಅಲ್ಲ, ಸಾವಿರಾರು ಸಣ್ಣ ಮನೆಗಳ ಕೇರಿ. ಒಂದೊಂದು ಸರ್ವರನ್ನು ಒಂದೊಂದು ಸಂಘ, ಕಾಲೇಜು ಅಥವಾ ಒಬ್ಬ ಉತ್ಸಾಹಿ ನಡೆಸುತ್ತಾನೆ. ಇಮೇಲಿನ ಹಾಗೆ ಯಾವ ಸರ್ವರಿನವರೂ ಯಾವ ಸರ್ವರಿನವರೊಂದಿಗೂ ಮಾತಾಡಬಹುದು. ಭಾರತೀಯರಿಗೆ ಇದರ ಪರಿಚಯವಾದದ್ದು 2019ರ ನವೆಂಬರಿನಲ್ಲಿ, ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆಗೆ ಬೀಗ ಬಿದ್ದು, ಪ್ರತಿಭಟಿಸಿದವರು ಗುಂಪಾಗಿ ಅಲ್ಲಿಗೆ ಹೋದಾಗ. ಆದರೆ ಬಹುಪಾಲು ಮಂದಿ ಅಲ್ಲಿ ನಿಲ್ಲಲಿಲ್ಲ, ಮರಳಿ ಬಂದರು. ಗೆಳೆಯರೆಲ್ಲ ಇಲ್ಲೇ ಇದ್ದರಲ್ಲ.

ಗಂಟುಮೂಟೆಯ ಪ್ರಶ್ನೆಯನ್ನು ಮ್ಯಾಸ್ಟೊಡಾನ್‌ಗೂ ಕೇಳಬೇಕು. ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋದರೆ ಹಿಂಬಾಲಕರು ಜತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಅವನ್ನು ಕಡತವಾಗಿ ಇಳಿಸಿಕೊಳ್ಳಬಹುದು ಅಷ್ಟೆ. ನೆರೆಕರೆ ಸಮೇತ ಹೊರಡಬಹುದು, ಪಾತ್ರೆಪರಡಿ ಮಾತ್ರ ಅಟ್ಟದಲ್ಲೇ. ಪ್ರಚಾರಕರು ಈ ಭಾಗವನ್ನು ಮೆಲ್ಲ ಹೇಳುತ್ತಾರೆ.

ಕೋಡಿಗೆ ಒಳ್ಳೆಯವರು ಕೆಟ್ಟವರು ಗೊತ್ತಿಲ್ಲ

ಮುಕ್ತ ತಂತ್ರಾಂಶದ ಪರ ಮಾತಾಡುವವರಲ್ಲಿ ಒಂದು ಭ್ರಮೆ ಇದೆ. ಕೋಡ್ ಮುಕ್ತವಾದರೆ ಸಮಾಜಕ್ಕೆ ಒಳ್ಳೆಯದೇ ಆಗುತ್ತದೆ ಎಂಬುದು. 2019ರಲ್ಲಿ ಅಮೆರಿಕದ ಬಲಪಂಥೀಯ ಉಗ್ರರ ತಾಣವಾದ ‘ಗ್ಯಾಬ್’ ಮ್ಯಾಸ್ಟೊಡಾನ್ ಕೋಡನ್ನೇ ಎತ್ತಿಕೊಂಡಿತು. 2021ರಲ್ಲಿ ಡೊನಾಲ್ಡ್ ಟ್ರಂಪ್ ಅವರ ‘ಟ್ರೂತ್ ಸೋಶಿಯಲ್’ ಕೂಡ ಅದನ್ನೇ ಮಾಡಿತು, ಎಲ್ಲಿಂದ ತಂದದ್ದು ಎಂದು ಹೇಳದೆ. ಲೈಸೆನ್ಸಿನ ಪ್ರಕಾರ ತಿದ್ದಿದ ಕೋಡನ್ನು ಬಳಕೆದಾರರಿಗೆ ಕೊಡಲೇಬೇಕು. ಮ್ಯಾಸ್ಟೊಡಾನ್‌ನವರು ಪತ್ರ ಬರೆದ ಬಳಿಕ ಅವರು ಕೊಟ್ಟರು. ಬಳಸಬೇಡಿ ಎನ್ನಲು ಮಾತ್ರ ಯಾರಿಗೂ ಹಕ್ಕಿರಲಿಲ್ಲ. ಗ್ಯಾಬ್ ವಿಷಯದಲ್ಲಿ ಇತರ ಸರ್ವರುಗಳಲ್ಲಿ ಬಹಳಷ್ಟು ಅದರೊಂದಿಗೆ ಸಂಪರ್ಕ ಕಡಿದುಕೊಂಡವು. ಹಳೆಯ ಬಹಿಷ್ಕಾರದ ಹಾಗೆ, ನಿನ್ನ ಮನೆಗೆ ಹೋಗುವುದಿಲ್ಲ, ಬರುವುದಿಲ್ಲ. ಅಂದರೆ ಕಾಪಾಡಿದ್ದು ಕೋಡ್ ಅಲ್ಲ, ಆ ಸರ್ವರುಗಳ ಹಿಂದೆ ಕೂತ ಮನುಷ್ಯರು.

ಈ ಮನುಷ್ಯರ ಪ್ರಶ್ನೆ ಮಂಗಳೂರಿನಲ್ಲಿ ತೀರಾ ಸೂಕ್ಷ್ಮ. ಸರಣಿ ಕೊಲೆಗಳ ಬಳಿಕ 2025ರ ಜೂನಿನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಗಳಿಗಾಗಿ ರಾಜ್ಯ ಸರಕಾರ ವಿಶೇಷ ಕಾರ್ಯಪಡೆ ಕಟ್ಟಿತು. ಪ್ರಚೋದನಕಾರಿ ಪೋಸ್ಟ್‌ಗಳ ಮೇಲೆ ಪೊಲೀಸರ ಕಣ್ಣಿದೆ. ದ್ವೇಷ ಭಾಷಣ ತಡೆ ಮಸೂದೆಗೆ 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಉಭಯ ಸದನಗಳ ಒಪ್ಪಿಗೆ ಸಿಕ್ಕಿತು. ಇಂಥ ಜಾಗದಲ್ಲಿ ಊರವರೇ ನಡೆಸುವ ಸರ್ವರ್ ಎಂದರೆ ಏನಾಗಬಹುದು?

ದೂರದ ದೊಡ್ಡ ಕಂಪನಿಯ ಯಂತ್ರಕ್ಕೆ ತುಳುವಿನ ಬೈಗುಳ ತಿಳಿಯುವುದಿಲ್ಲ. ಬ್ಯಾರಿ ಭಾಷೆಯಲ್ಲಿ ಹಾಕಿದ ಬೆದರಿಕೆ, ದೈವದ ಹೆಸರೆತ್ತಿ ಮಾಡಿದ ಕುಹಕ ಇವು ಅದರ ಜರಡಿಯಲ್ಲಿ ಸಲೀಸಾಗಿ ಇಳಿದುಹೋಗುತ್ತವೆ. ಊರಿನ ಅಡ್ಮಿನ್‌ಗೆ ಪ್ರತಿ ಶಬ್ದದ ಒಳಮರ್ಮ ಗೊತ್ತು. ಯಾರು ಹಾಕಿದ್ದು, ಯಾವ ಜಗಳದ ಮುಂದುವರಿಕೆ ಎಂಬುದೂ ಗೊತ್ತು. ಇದು ದೊಡ್ಡ ಅನುಕೂಲ. ಆದರೆ ಹಾಕಿದವನು ಅವನ ಪಕ್ಕದ ಮನೆಯವನು, ನಾಳೆ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಎದುರಾಗುವವನು. ಅವನ ಬೆನ್ನಿಗೆ ಸಂಘಟನೆ ಇರಬಹುದು. ಪೋಸ್ಟ್ ಅಳಿಸುವ ಗುಂಡಿ ಒತ್ತುವುದು ಕ್ಯಾಲಿಫೋರ್ನಿಯಾದ ನೌಕರನಿಗೆ ಒಂದು ಕ್ಲಿಕ್, ಊರಿನ ಅಡ್ಮಿನ್‌ಗೆ ಊರ ಮುಂದೆ ಪಕ್ಷ ವಹಿಸಿದ ಹಾಗೆ. ಮುಕ್ತ ಸಮುದಾಯಗಳು ಈ ಕಾರಣಕ್ಕೇ ನೀತಿಸಂಹಿತೆ ಬರೆದಿಟ್ಟು, ಒಬ್ಬನ ಬದಲು ಸಮಿತಿ ತೀರ್ಮಾನಿಸುವಂತೆ ಮಾಡುತ್ತವೆ. ಕಾಗದದ ಮೇಲೆ ಅದು ಸರಿಯೇ. ರಾತ್ರಿ 2 ಗಂಟೆಗೆ ಬಂದ ಪೋಸ್ಟಿಗೆ ಸಮಿತಿ ಎಲ್ಲಿಂದ ಸೇರಬೇಕು?

ಸರಕಾರ ಏನೆನ್ನುತ್ತದೆ

ಸರಕಾರದ ನಿಲುವಿನಲ್ಲಿ ಎರಡು ಮುಖಗಳಿವೆ. 2015ರಲ್ಲೇ ಕೇಂದ್ರ ತನ್ನ ಕಚೇರಿಗಳಲ್ಲಿ ಓಪನ್ ಸೋರ್ಸ್ ಬಳಸುವ ನೀತಿ ಪ್ರಕಟಿಸಿದೆ. ಅದೇ ಕೇಂದ್ರ 2023ರ ಮೇ ತಿಂಗಳಲ್ಲಿ 14 ಮೆಸೇಜಿಂಗ್ ಆ್ಯಪ್‌ಗಳನ್ನು ತಡೆಯಿತು. ಜಮ್ಮು ಮತ್ತು ಕಾಶ್ಮೀರದಲ್ಲಿ ಭಯೋತ್ಪಾದಕರು ಅವನ್ನು ಬಳಸುತ್ತಾರೆ, ದೇಶದಲ್ಲಿ ಉತ್ತರ ಕೊಡಲು ಅವುಗಳಿಗೆ ಪ್ರತಿನಿಧಿಗಳೇ ಇಲ್ಲ ಎಂಬುದು ಕಾರಣ. ಆ ಪಟ್ಟಿಯಲ್ಲಿ ಮುಕ್ತ ತಂತ್ರಾಂಶಗಳಾದ ಎಲಿಮೆಂಟ್, ಬ್ರಯರ್ ಎರಡೂ ಇದ್ದವು. ಪೌರತ್ವ ಕಾಯಿದೆ ವಿರುದ್ಧದ ಪ್ರತಿಭಟನೆ ಹಿಂಸೆಗೆ ತಿರುಗಿದ 2019ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಇಂಟರ್ನೆಟ್ ಕಡಿತವಾದದ್ದು ಇಲ್ಲಿನವರಿಗೆ ನೆನಪಿರಬಹುದು. ಅಂಥ ಹೊತ್ತಿನಲ್ಲೂ ಬ್ಲೂಟೂತಿನ ಮೂಲಕ ಸಂದೇಶ ದಾಟಿಸಬಲ್ಲ ಆ್ಯಪ್ ಬ್ರಯರ್. ನೆರೆ ಬಂದು ಟವರ್ ಬಿದ್ದಾಗ ಬೇಕಾಗುವ ಗುಣವೂ ಅದೇ, ಪೊಲೀಸರಿಗೆ ತಲೆನೋವಾಗುವ ಗುಣವೂ ಅದೇ.

ಸರಕಾರದ ವಾದವನ್ನು ತಳ್ಳಿಹಾಕಲಾಗದು. ಯಾರನ್ನು ಕೇಳಬೇಕೆಂದೇ ಗೊತ್ತಿಲ್ಲದ ಜಾಲದಲ್ಲಿ ಮೋಸಹೋದವನು ದೂರು ಕೊಡುವುದು ಎಲ್ಲಿ? 2021ರ ಐಟಿ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳ ಮೇಲೆ ಭಾರವಾದ ಹೊಣೆ ಹೊರಿಸಿವೆ. ಊರಿನ ಸರ್ವರ್ ಆ ಗಾತ್ರಕ್ಕೆ ಎಂದೂ ಬೆಳೆಯದು. ಆದರೂ ದೂರು ಸ್ವೀಕರಿಸುವ ಅಧಿಕಾರಿ ಬೇಕು, 24 ಗಂಟೆಯಲ್ಲಿ ದೂರು ತಲುಪಿದ್ದಕ್ಕೆ ಉತ್ತರ ಕೊಡಬೇಕು, ಸರಕಾರವೋ ಕೋರ್ಟೋ ಆದೇಶಿಸಿದರೆ ಗಂಟೆಗಳ ಲೆಕ್ಕದಲ್ಲಿ ತೆಗೆಯಬೇಕು. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದ ವೈಯಕ್ತಿಕ ದತ್ತಾಂಶ ಕಾಯಿದೆಯೂ ಹಂತಹಂತವಾಗಿ ಬರುತ್ತಿದೆ. ಮೂವರು ಸ್ವಯಂಸೇವಕರು ಬಿಡುವಿನಲ್ಲಿ ನಡೆಸುವ ಸರ್ವರಿಗೆ ಇದೆಲ್ಲ ಆನೆಯ ಹೊರೆ.

ಮತ್ತೆ ಸಿಮ್ ವಿಷಯ. ಆದೇಶ ಅನ್ವಯವಾಗುವುದು ಮೊಬೈಲ್ ನಂಬರಿನಿಂದ ಗುರುತಿಸುವ ಸೇವೆಗಳಿಗೆ. ಮ್ಯಾಸ್ಟೊಡಾನ್‌ನಂಥವಕ್ಕೆ ಇಮೇಲ್ ಸಾಕು, ಸಿಮ್ಮಿನ ನಂಟಿಲ್ಲ. ಗಲ್ಫಿನಲ್ಲಿರುವ ಮಗನಿಗೆ ಇದು ಸಲೀಸು ದಾರಿಯಂತೆ ಕಾಣಬಹುದು. ವಂಚಕನಿಗೂ ಹಾಗೆಯೇ ಕಾಣುತ್ತದೆ, ಅವನು ಆ ಕಡೆ ಸರಿದರೆ ನಿಯಮವೂ ಹಿಂದೆಯೇ ಸರಿಯುತ್ತದೆ.

ಹೊರೆಕಾಣಿಕೆಗೆ ಸಾವಿರ, ಎಂಜಲೆಲೆಗೆ ಹತ್ತು

ಬ್ರಹ್ಮಕಲಶೋತ್ಸವದ ಹೊರೆಕಾಣಿಕೆ ಮೆರವಣಿಗೆಗೆ ಊರಿಗೆ ಊರೇ ಬರುತ್ತದೆ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಸೀಯಾಳ ಉಗ್ರಾಣ ತುಂಬುತ್ತದೆ. ಊಟ ಮುಗಿದ ಮೇಲೆ ಎಂಜಲೆಲೆ ತೆಗೆಯಲು, ಕಟಾರ ತೊಳೆಯಲು ಉಳಿಯುವವರು ಹತ್ತೇ ಮಂದಿ, ಪ್ರತಿಸಲವೂ ಅವರೇ. ಮುಕ್ತ ತಂತ್ರಾಂಶದ ಅರ್ಥಶಾಸ್ತ್ರ ಬಹುಮಟ್ಟಿಗೆ ಇಷ್ಟೇ.

2024ರ ಮಾರ್ಚಿನಲ್ಲಿ ಇದು ಜಗತ್ತಿಗೆ ಅರ್ಥವಾಯಿತು. ‘ಎಕ್ಸ್‌ಝಡ್’ ಎಂಬ ಕಡತ ಕುಗ್ಗಿಸುವ ಸಣ್ಣ ತಂತ್ರಾಂಶ ಲಕ್ಷಾಂತರ ಲಿನಕ್ಸ್ ಸರ್ವರುಗಳಲ್ಲಿದೆ. ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡವರು ಒಬ್ಬರೇ. ದಣಿದಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ್ಕೆ ಬಂದ, ಎರಡು ವರ್ಷ ತಾಳ್ಮೆಯಿಂದ ಕೆಲಸ ಮಾಡಿ ನಂಬಿಕೆ ಗಳಿಸಿದ, ಕೊನೆಗೆ ಕಳ್ಳಬಾಗಿಲೊಂದನ್ನು ಸೇರಿಸಿಬಿಟ್ಟ. ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್‌ಗೆ ಸರ್ವರಿನ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಎನಿಸಿದ್ದರಿಂದ. ಕೋಡ್ ತೆರೆದಿದ್ದರಿಂದಲೇ ಅವರು ಬೆನ್ನಟ್ಟಿ ಹಿಡಿಯಲು ಸಾಧ್ಯವಾಯಿತು ಎಂದು ಒಬ್ಬರು, ತೆರೆದಿದ್ದರಿಂದಲೇ ಕಳ್ಳ ನುಗ್ಗಿದ ಎಂದು ಇನ್ನೊಬ್ಬರು ವಾದಿಸುತ್ತಾರೆ. ನಿಜವಾದ ಬಿರುಕು ಬೇರೆ. ಕೋಟ್ಯಂತರ ಜನರ ಊಟದ ಪಾತ್ರೆಯನ್ನು ಒಬ್ಬನೇ ತೊಳೆಯುತ್ತಿದ್ದ.

ಹಣ ಬರುತ್ತಿದೆ, ಹನಿಹನಿಯಾಗಿ. ಬೆಂಗಳೂರಿನ ಝೆರೋಧಾ 2024ರ ಅಕ್ಟೋಬರಿನಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯನ್ನು ಮುಕ್ತ ತಂತ್ರಾಂಶಗಳಿಗೆಂದು ಘೋಷಿಸಿತು. ಇನ್ನೊಂದು ಕಡೆಯಿಂದ ಖರ್ಚು ಏರುತ್ತಿದೆ. ಎಐ ಕಂಪನಿಗಳ ಯಂತ್ರಗಳು ವಿಕಿಯ ಪುಟಗಳನ್ನೆಲ್ಲ ಗೋರಿಕೊಂಡು ಹೋಗುತ್ತಿವೆ. ತನ್ನ ಅತಿ ದುಬಾರಿ ಟ್ರಾಫಿಕ್‌ನಲ್ಲಿ ಶೇ. 65 ಬಾಟ್‌ಗಳದ್ದೇ ಎಂದು ವಿಕಿಮೀಡಿಯ 2025ರಲ್ಲಿ ಹೇಳಿತು. ಅದೇ ವರ್ಷ ಮನುಷ್ಯರ ಭೇಟಿ ಶೇ. 8ರಷ್ಟು ಇಳಿಯಿತೆಂದೂ ಹೇಳಿತು. ಉತ್ತರ ಎಐ ಕೊಡುವಾಗ ಮೂಲಕ್ಕೆ ಯಾರು ಹೋಗುತ್ತಾರೆ? ಹೋಗದಿದ್ದರೆ ತಪ್ಪು ತಿದ್ದುವವರೂ, ದೇಣಿಗೆ ಕೊಡುವವರೂ ಕಡಿಮೆಯಾಗುತ್ತಾರೆ. ಇಂಗ್ಲಿಷ್ ಇದನ್ನು ತಾಳಿಕೊಳ್ಳಬಹುದು. ಬೆರಳೆಣಿಕೆಯ ಸಂಪಾದಕರಿರುವ ತುಳುವಿಗೆ ನಾಲ್ಕು ಜನ ಬಿಟ್ಟುಹೋದರೂ ಅದು ದೊಡ್ಡ ತೂತು.

ಸಹಕಾರಿ ಸಂಘದ ದಾರಿ

ಹಾಗಾದರೆ ಖರ್ಚು, ಹೊಣೆ, ಆಡಳಿತ ಎಲ್ಲವನ್ನೂ ಹೊರಬಲ್ಲ ಹೆಗಲು ಯಾವುದು? ಈ ಪ್ರಶ್ನೆಗೆ ತಂತ್ರಜ್ಞರ ಬಳಿ ಇರುವುದಕ್ಕಿಂತ ಒಳ್ಳೆಯ ಉತ್ತರ ಈ ಜಿಲ್ಲೆಗಳ ಹಳೆಯ ಕಡತಗಳಲ್ಲಿದೆ ಎಂಬುದು ಈ ಲೇಖನದ ಅಭಿಪ್ರಾಯ.

ಜಿಲ್ಲೆಯ ಸಹಕಾರಿ ಚಳವಳಿಯ ಹಿರಿಯ ಮೊಳಹಳ್ಳಿ ಶಿವರಾವ್ ಅವರ ಕಾಲದಿಂದ ಇಲ್ಲಿ ಸಹಕಾರಿ ಸಂಘ ಎಂಬುದು ದಿನಬಳಕೆಯ ವಸ್ತು. 1914ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಜಿಲ್ಲಾ ಸಹಕಾರಿ ಬ್ಯಾಂಕ್ ಇಂದಿಗೂ ಜಿಲ್ಲೆಯದೇ. ಅಡಿಕೆ ಧಾರಣೆ ನೆಲಕಚ್ಚಿದ್ದ ಹೊತ್ತಿನಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಅದು ಬಹುರಾಜ್ಯ ಸಹಕಾರಿ. ವಿಶೇಷವೆಂದರೆ, ಮುಕ್ತ ತಂತ್ರಾಂಶದ ಕೆಲವು ಕಾರ್ಯಕರ್ತರು ‘ಪ್ರವ್’ ಎಂಬ ಮೆಸೇಜಿಂಗ್ ಸೇವೆಯನ್ನು ಕಟ್ಟಲು ಆಯ್ದುಕೊಂಡಿರುವುದೂ ಇದೇ ಬಹುರಾಜ್ಯ ಸಹಕಾರಿಯ ಚೌಕಟ್ಟನ್ನು. ಕೋಡ್ ಮುಕ್ತ, ಬೇರೆ ಸರ್ವರುಗಳೊಂದಿಗೂ ಮಾತಾಡುತ್ತದೆ, ಷೇರು ಕೊಂಡ ಬಳಕೆದಾರನಿಗೆ ಆಡಳಿತದಲ್ಲಿ ಒಂದು ಮತ. ಕಾಯಿದೆ ಪ್ರಕಾರ ಕನಿಷ್ಠ ಎರಡು ರಾಜ್ಯಗಳಿಂದ ತಲಾ 50 ಸದಸ್ಯರು ಬೇಕು.

ಖರ್ಚಿನ ಲೆಕ್ಕವೂ ಹೆದರಿಸುವಂಥದ್ದಲ್ಲ. ಕೆಲವು ನೂರು ಜನರ ಮ್ಯಾಸ್ಟೊಡಾನ್ ಸರ್ವರ್ ತಿಂಗಳಿಗೆ ಕೆಲವು ಸಾವಿರ ರೂಪಾಯಿಯಲ್ಲಿ ನಡೆಯುತ್ತದೆ. ಇತರ ಸರ್ವರುಗಳಿಂದ ಬರುವ ಚಿತ್ರ, ವೀಡಿಯೊಗಳ ನಕಲು ತುಂಬುತ್ತ ಹೋದಂತೆ ಅದು ಏರುತ್ತದೆ. ಉಡುಪಿಯ ಸಿಂಡಿಕೇಟ್ 1928ರಲ್ಲಿ ದಿನಕ್ಕೆ ಎರಡಾಣೆ ಎತ್ತಿ ಪಿಗ್ಮಿ ಠೇವಣಿ ಶುರುಮಾಡಿದ್ದ ಊರಿಗೆ ಇಂಥ ಸಣ್ಣ ವಂತಿಗೆ ಎತ್ತುವುದು ಹೊಸ ವಿದ್ಯೆಯಲ್ಲ.

ಆದರೆ ಅದೇ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾದೊಳಗೆ ಲೀನವಾದವು. ಇಲ್ಲಿ ಪ್ರತಿಭಟನೆ, ಬೇಸರ ಎಲ್ಲ ಇತ್ತು. ತಡೆಯುವ ಮತ ಮಾತ್ರ ಇಲ್ಲಿನವರ ಕೈಯಲ್ಲಿರಲಿಲ್ಲ. ಹುಟ್ಟಿದ್ದು ಎಲ್ಲಿ ಎಂಬುದು ಬೋರ್ಡಿನಲ್ಲಿ ಉಳಿಯುತ್ತದೆ, ಮುಚ್ಚುವುದು ಯಾರು ಎಂಬುದನ್ನು ಒಡೆತನ ನಿರ್ಧರಿಸುತ್ತದೆ. ಸಹಕಾರಿ ಎಂದಮಾತ್ರಕ್ಕೆ ಪರಮಪವಿತ್ರ ಎಂದೂ ಅಲ್ಲ. ಪಕ್ಷ ರಾಜಕೀಯ ಹೊಕ್ಕ ಸಂಘಗಳು, ಮುಳುಗಿದ ಸೊಸೈಟಿಗಳು ನಮ್ಮಲ್ಲೇ ಬೇಕಾದಷ್ಟಿವೆ. ಆದರೂ ಮಹಾಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಅವಕಾಶವಾದರೂ ಅಲ್ಲಿದೆ.

ಮುಂದೇನಾಗಬಹುದು

ಊರಿಗೆ ಊರೇ ವಾಟ್ಸಾಪ್ ಬಿಟ್ಟು ಹೊರಡುವ ದಿನ ಹತ್ತಿರದಲ್ಲಿಲ್ಲ. ಮದುವೆ, ಮರಣ, ಅಡಿಕೆ ಧಾರಣೆ, ಮೇಳದ ತಿರುಗಾಟದ ಪಟ್ಟಿ, ಬೋಟಿನವರಿಗೆ ಹವಾಮಾನದ ಸೂಚನೆ ಎಲ್ಲ ಅಲ್ಲೇ ಇವೆ. ಸರಕಾರ ಯುಪಿಐ ಮಾದರಿಯ ಕಡ್ಡಾಯ ನಿಯಮ ತಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. ತಾರದಿದ್ದರೆ ಸ್ವದೇಶಿ ಆ್ಯಪ್‌ಗಳೂ ಅಲೆ ಬಂದಾಗ ಉಬ್ಬಿ, ಇಳಿದಾಗ ತಗ್ಗುತ್ತವೆ.

ಬದಲಾವಣೆ ಮೊದಲು ಕಾಣಿಸುವುದು ಹರಟೆಯಲ್ಲಿ ಅಲ್ಲ, ದಾಖಲೆಯಲ್ಲಿ. ಜೀರ್ಣೋದ್ಧಾರ ಸಮಿತಿಯ ಲೆಕ್ಕ, ತಾಳಮದ್ದಳೆಯ ಹಳೆಯ ಧ್ವನಿಮುದ್ರಿಕೆ, ನೆರೆಯ ವೇಳೆ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ ಎಂಬ ಪಟ್ಟಿ, ಇವು ಇಂದು ಯಾರೋ ಒಬ್ಬ ಅಡ್ಮಿನ್‌ನ ಫೋನಿನಲ್ಲಿವೆ. ಫೋನ್ ಬಾವಿಗೆ ಬಿದ್ದರೆ ಮುಗಿಯಿತು. ಇವನ್ನು ಮುಕ್ತ ತಂತ್ರಾಂಶಕ್ಕೆ ಸಾಗಿಸಲು ಎಲ್ಲರೂ ಆ್ಯಪ್ ಬದಲಿಸಬೇಕಿಲ್ಲ, ಐದು ಜನ ಕಲಿತರೆ ಸಾಕು. 2018ರ ಮಹಾನೆರೆಯಲ್ಲಿ ಪಕ್ಕದ ಕೇರಳದ ಸ್ವಯಂಸೇವಕರು ಇದನ್ನು ಕೆಲವೇ ದಿನಗಳಲ್ಲಿ ಮಾಡಿ ತೋರಿಸಿದರು. ‘ಕೇರಳ ರೆಸ್ಕ್ಯೂ’ ಜಾಲತಾಣದ ಕೋಡ್, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದೇ ಇತ್ತು, ಸರಕಾರವೇ ಅದನ್ನು ಬಳಸಿತು.

ನೋಂದಣಿಯಾದ ಯಾವ ಯುವಕ ಮಂಡಲದ ಬೈಲಾ ತೆರೆದರೂ ಕೊನೆಯ ಪುಟದಲ್ಲಿ ಒಂದು ಕಲಮು ಸಿಗುತ್ತದೆ. ಮಂಡಲ ವಿಸರ್ಜನೆಯಾದರೆ ಅದರ ಸೊತ್ತನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದೇ ಉದ್ದೇಶದ ಇನ್ನೊಂದು ಸಂಘಕ್ಕೆ ಕೊಡಬೇಕು. ಕೇರಂ ಬೋರ್ಡಿಗೂ, ನಾಲ್ಕು ಪ್ಲಾಸ್ಟಿಕ್ ಕುರ್ಚಿಗೂ ಈ ಕಲಮು ಅನ್ವಯ. ಅದೇ ಮಂಡಲದ ಹತ್ತು ವರ್ಷಗಳ ಫೋಟೊ, ಲೆಕ್ಕ, ಮಾತುಕತೆ ತುಂಬಿಕೊಂಡ ಗ್ರೂಪಿಗೆ ಮಾತ್ರ ಯಾವ ಬೈಲಾವೂ ಇಲ್ಲ.